ಹೋಗಿಬಂದ ದಾರಿಯ ಸರಾಸರಿ: ವೇಗ ಕೂಡಿಸಿ ಎರಡರಿಂದ ಭಾಗಿಸಬೇಡಿ

ಪ್ರಶ್ನೆ: ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಗಂಟೆಗೆ 60 ಕಿ.ಮೀ., ಮಳೆ ಹಿಡಿದು ಬರುವಾಗ 40. ಸರಾಸರಿ 50 ಅಲ್ಲವೇ? ಕೀ ಉತ್ತರದಲ್ಲಿ 48 ಎಂದಿದೆ.

ಉತ್ತರ: 48 ಸರಿ. ಪರೀಕ್ಷೆ ಮುಗಿದಾಗಲೆಲ್ಲ ಇದೇ ಪತ್ರ, 50 ಎಂದೇ ವಾದ. ಕೂಡಿಸಬೇಕಾದ್ದು ವೇಗವನ್ನಲ್ಲ, ದೂರವನ್ನು, ಸಮಯವನ್ನು. ದಾರಿ ಲೆಕ್ಕಕ್ಕೆ 60 ಕಿ.ಮೀ. ಎನ್ನಿ. ಹೋಗಲು ಒಂದು ಗಂಟೆ, ಬರಲು ಒಂದೂವರೆ. 120 ಕಿ.ಮೀ.ಯನ್ನು ಎರಡೂವರೆ ಗಂಟೆಯಿಂದ ಭಾಗಿಸಿದರೆ 48. ಗಾಡಿ 40ರಲ್ಲೇ ಹೆಚ್ಚು ಹೊತ್ತು ಓಡಿದೆ, ಅದಕ್ಕೇ ಸರಾಸರಿ ಆ ಕಡೆ ವಾಲಿದೆ. ದಾರಿ 10 ಕಿ.ಮೀ. ಇದ್ದರೂ ಅಷ್ಟೇ: 10 ನಿಮಿಷ, 15 ನಿಮಿಷ, 25 ನಿಮಿಷದಲ್ಲಿ 20 ಕಿ.ಮೀ.

ವೇಗಗಳ ಗುಣಲಬ್ಧದ ಎರಡರಷ್ಟನ್ನು ಮೊತ್ತದಿಂದ ಭಾಗಿಸುವ ಸೂತ್ರ (4800 ÷ 100) ನಡೆಯುವುದು ಎರಡೂ ಕಡೆ ದೂರ ಸಮ ಇದ್ದಾಗ ಮಾತ್ರ. 60 ಕಿ.ಮೀ.ಯನ್ನು 60ರಲ್ಲಿ, ಮುಂದೆ ಆಗುಂಬೆ ಕಡೆಗೆ 30 ಕಿ.ಮೀ.ಯನ್ನು 30ರಲ್ಲಿ ಹೋದರೆ ಸೂತ್ರ 40 ಎನ್ನುತ್ತದೆ, ತಪ್ಪು. 90 ಕಿ.ಮೀ., ಎರಡು ಗಂಟೆ, 45. ಇಲ್ಲಿ ಕೂಡಿಸಿ ಭಾಗಿಸಿದರೂ ಸರಿ ಬರುತ್ತದೆ, ಏಕೆಂದರೆ ಎರಡೂ ವೇಗದಲ್ಲಿ ಕಳೆದ ಹೊತ್ತು ಸಮ.

ಮೂರು ವೇಗಕ್ಕೆ ‘ಗುಣಲಬ್ಧದ ಮೂರರಷ್ಟು ಭಾಗಿಸು ಮೊತ್ತ’ ಎಂದು ಕಲಿಸುವ ಶಾರ್ಟ್‌ಕಟ್ ಪುಸ್ತಿಕೆಗಳನ್ನು ಒಲೆಗೆ ಹಾಕಿ. 60, 40, 30 ಇಟ್ಟು ನೋಡಿ: 1661ಕ್ಕೂ ಹೆಚ್ಚು ಬರುತ್ತದೆ! 60ಕ್ಕಿಂತ ಜೋರಾಗಿ ಎಲ್ಲೂ ಓಡದ ಗಾಡಿಗೆ ಆ ಸರಾಸರಿ ಹೇಗೆ ಬಂದೀತು? ಮಕ್ಕಳ ಅಂಕ ಹೋಗುವುದು ಇಂಥದ್ದರಿಂದಲೇ. ಒಂದೊಂದು ಭಾಗಕ್ಕೂ ಲ.ಸಾ.ಅ. (ಮೂರೂ ವೇಗಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 120 ಕಿ.ಮೀ. ಹಿಡಿಯಿರಿ, ಮೂರು ಸಮ ಭಾಗಕ್ಕೆ 2, 3, 4 ಗಂಟೆ. 360ನ್ನು 9ರಿಂದ ಭಾಗಿಸಿ, 40.

ಪ್ರಶ್ನೆ: ಮಂಡಗದ್ದೆಯಲ್ಲಿ ಚಹಾಕ್ಕೆ ನಿಲ್ಲಿಸಿದ ಅರ್ಧ ಗಂಟೆ?

ಉತ್ತರ: ಸೇರಿಸಿ. ಮೊದಲ ಲೆಕ್ಕದ 120 ಕಿ.ಮೀ.ಗೆ ಮೂರು ಗಂಟೆ, 40. ಓಡಿದ ಹೊತ್ತಿನ ಸರಾಸರಿ ಎಂದು ಕೇಳಿದ್ದರೆ ಮಾತ್ರ ಬಿಡಿ.

ಪ್ರಶ್ನೆ: ಹೊರಟಲ್ಲಿಗೇ ಮರಳಿದರೆ ಸರಾಸರಿ ವೇಗ ಸೊನ್ನೆಯಂತೆ?

ಉತ್ತರ: ಭೌತಶಾಸ್ತ್ರದ ಪುಸ್ತಕದಲ್ಲಿ ಹೌದು. ಅಲ್ಲಿ ಸರಾಸರಿ ವೇಗಕ್ಕೆ ಹಿಡಿಯುವುದು ಓಡಿದ ದೂರವನ್ನಲ್ಲ, ಹೊರಟಲ್ಲಿಂದ ತಲುಪಿದಲ್ಲಿಗೆ ಇರುವ ನೇರ ದೂರವನ್ನು; ಮರಳಿದರೆ ಅದು ಸೊನ್ನೆ. ನಾವು ಆಡುಮಾತಿನಲ್ಲಿ ವೇಗ ಎನ್ನುವುದಕ್ಕೆ ಅಲ್ಲಿ ‘ಜವ’ ಎನ್ನುತ್ತಾರೆ.

ಪ್ರಶ್ನೆ: ಹೋಗುವಾಗ ವೇಗ 30 ಬಿತ್ತು. ಬರುವಾಗ ಎಷ್ಟರಲ್ಲಿ ಓಡಿಸಿದರೆ ಒಟ್ಟು ಸರಾಸರಿ 60?

ಉತ್ತರ: ಎಷ್ಟು ಓಡಿಸಿದರೂ ಆಗದು. 120 ಕಿ.ಮೀ.ಗೆ 60ರ ಸರಾಸರಿ ಬೇಕಾದರೆ ಇರುವುದೇ ಎರಡು ಗಂಟೆ. ಅಷ್ಟೂ ಹೋಗುವುದರಲ್ಲೇ ಮುಗಿದಿದೆ. 90ರಲ್ಲಿ ಬಂದರೂ 45 ದಾಟದು. ಮಳೆಗಾಲದ ಘಾಟಿಯಲ್ಲಿ ಇದನ್ನು ಪ್ರಯತ್ನಿಸಲೇಬೇಡಿ.