ದಿನಪೂರ್ತಿ ಕನ್ನಡ ಟೈಪ್ ಮಾಡುವವರಿಗೆ ಮೆಕ್ಯಾನಿಕಲ್ ಕೀಬೋರ್ಡ್‌ನ ರೆಡ್, ಬ್ಲೂ, ಬ್ರೌನ್ ಸ್ವಿಚ್‌ಗಳಲ್ಲಿ ಯಾವುದು ಒಳ್ಳೆಯದು?

ನುಡಿ ತಂತ್ರಾಂಶದಲ್ಲಿ ದಿನಕ್ಕೆ ಆರೇಳು ಗಂಟೆ ಟೈಪ್ ಮಾಡುತ್ತೀರಿ ಅಂದಿದ್ದೀರಿ. ಹಾಗಾದರೆ ಗೇಮ್ ಆಡುವವರ ಸಲಹೆ ಪಕ್ಕಕ್ಕಿಡಿ. ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಡಿಟಿಪಿ ಮಾಡುತ್ತೇನೆ, ಮದುವೆ ಪತ್ರಿಕೆ, ಅರ್ಜಿ, ಕರಾರು ಎಲ್ಲ ಕನ್ನಡದಲ್ಲೇ. ಸ್ವಿಚ್ ಅಂದರೆ ಪ್ರತಿ ಕೀ ಕೆಳಗಿರುವ ಒತ್ತುಗುಂಡಿ, ಅದರ ಬಣ್ಣ ಬದಲಾದರೆ ಒತ್ತುವ ಅನುಭವವೂ ಬೇರೆ. ಮೂರೂ ಬಳಸಿದ್ದೇನೆ. ನಮಗೆ ಮುಖ್ಯ ಎಫ್ ಕೀ, ನುಡಿಯಲ್ಲಿ ಕ, ಗ ಹೋಗಿ ಕ್, ಗ್ ಆಗುವುದು ಅದನ್ನು ಒತ್ತಿದಾಗಲೇ. ಒತ್ತಕ್ಷರ ಎಲ್ಲ ಅದರಿಂದಲೇ ಅಲ್ವಾ? ‘ರಾಷ್ಟ್ರ’ ಬರೆಯಲು ಏಳು ಕೀ, ಅದರಲ್ಲಿ ಎರಡು ಎಫ್.

ಮೊದಲು ತಂದಿದ್ದು ಬ್ಲೂ. ಟೈಪ್‌ರೈಟರ್ ಮೇಲೆ ಕಲಿತ ಕೈ ನನ್ನದು, ಆ ಟಕ್ ಟಕ್ ಶಬ್ದ ತುಂಬಾ ಹಿಡಿಸಿತು. ಆದರೆ ಪಕ್ಕದಲ್ಲಿ ಕೂತ ಗಿರಾಕಿ ನೆಂಟರ ಹೆಸರು ಒಂದೊಂದೇ ಓದಿ ಹೇಳುವಾಗ ಆ ಶಬ್ದದಲ್ಲಿ ಕೇಳಿಸುತ್ತಲೇ ಇರಲಿಲ್ಲ. ಇನ್ನೊಂದು ತೊಂದರೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಬ್ಲೂ ಒತ್ತಿದ ಮೇಲೆ, ಅಕ್ಷರ ಬಿದ್ದ ಜಾಗಕ್ಕಿಂತ ಇನ್ನೂ ಸ್ವಲ್ಪ ಮೇಲಕ್ಕೆ ಬಂದರೇನೇ ಅದೇ ಕೀ ಮತ್ತೆ ಕೆಲಸ ಮಾಡುತ್ತದೆ. ‘ಅಕ್ಕ’ ಬರೆಯುವಾಗ ಕೆ, ಎಫ್, ಕೆ ಅಂತ ಬೇಗ ಬೇಗ ಹೊಡೆಯುತ್ತೇವಲ್ಲ, ಅಲ್ಲಿ ಎರಡನೇ ಕೆ ಎಷ್ಟೋ ಸಲ ಬೀಳುತ್ತಲೇ ಇರಲಿಲ್ಲ.

ರೆಡ್ ಹಗುರ. ಚೆರ್ರಿ ಕಂಪನಿಯ ರೆಡ್‌ಗೆ ಸುಮಾರು 45 ಗ್ರಾಂ ಒತ್ತಿದರೆ ಸಾಕು, ಬ್ಲೂಗೆ 60 ಬೇಕು. ಬೆಣ್ಣೆ ಹಾಗೆ ಇಳಿಯುತ್ತದೆ. 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ಬಿದ್ದಿರುತ್ತದೆ, ಆದರೆ ಬೆರಳಿಗೆ ಅದು ಗೊತ್ತಾಗುವುದಿಲ್ಲ, ಹಾಗಾಗಿ ಸುಮ್ನೆ ತಳ ಮುಟ್ಟುವ ತನಕ ಹೊಡೆಯುತ್ತಾ ಹೋಗುತ್ತೇವೆ. ಸಂಜೆಗೆ ಬೆರಳ ತುದಿ ನೋವು. ಎಡಗೈ ತೋರುಬೆರಳು ಯಾವಾಗಲೂ ಎಫ್ ಮೇಲೇ ಕೂತಿರುತ್ತದೆ, ಸುಸ್ತಾಗಿ ಸ್ವಲ್ಪ ಭಾರ ಬಿಟ್ಟರೂ ‘ಮಗ’ ಹೋಗಿ ‘ಮಗ್’ ಆಗುತ್ತಿತ್ತು. ಪ್ರೂಫ್ ನೋಡುವಾಗ ಇಂಥವು ಕಣ್ಣಿಗೆ ಬೀಳುವುದೇ ಕಷ್ಟ.

ಈಗ ಬ್ರೌನ್ ಬಳಸುತ್ತಿದ್ದೇನೆ. ಸುಮಾರು 55 ಗ್ರಾಂ, ಅರ್ಧ ದಾರಿಯಲ್ಲಿ ಬೆರಳಿಗೆ ಒಂದು ಸಣ್ಣ ಗಂಟು ಸಿಕ್ಕ ಹಾಗೆ ಆಗುತ್ತದೆ. ಅಕ್ಷರ ಬಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ, ಬೆರಳು ಎತ್ತಬಹುದು. ಆ ಗಂಟು ಸಾಲದು ಅನ್ನುವವರು ಬಹಳ ಜನ ಇದ್ದಾರೆ. ಬ್ಲೂ ಬಿಟ್ಟು ಬಂದವರಿಗೆ ಹಾಗೆ ಅನ್ನಿಸುವುದು ನಿಜ, ನನಗೂ ಮೊದಲ ವಾರ ಸಪ್ಪೆ ಅನ್ನಿಸಿತ್ತು. ನನ್ನ ಓಟು ಮಾತ್ರ ಇದಕ್ಕೇ.

ರೆಡ್ಡೇ ಬೇಕು ಅಂದರೆ, ಬೆಸುಗೆ ಬಿಡಿಸದೆ ಸ್ವಿಚ್ ಕಿತ್ತು ಹಾಕಬಹುದಾದ ಹಾಟ್‌ಸ್ವಾಪ್ ಕೀಬೋರ್ಡ್ ತಗೊಳ್ಳಿ. ಎಲ್ಲ ಕಡೆ ರೆಡ್ ಇರಲಿ, ಎಫ್ ಒಂದಕ್ಕೆ ಮಾತ್ರ 60 ಗ್ರಾಂನ ಬ್ಲ್ಯಾಕ್ ಸ್ವಿಚ್ ಹಾಕಿ. ಅದೂ ರೆಡ್ ಹಾಗೆ ನುಣ್ಣಗೆ ಇಳಿಯುತ್ತದೆ, ಬೆರಳು ಇಟ್ಟ ಮಾತ್ರಕ್ಕೆ ಒತ್ತಿಕೊಳ್ಳುವುದಿಲ್ಲ.