ಗೆದ್ದ ಕತೆ ಸಾಕು, ಕೋಶ ಹಟ ಹಿಡಿದ ಕತೆ ಬರೆಯಿರಿ

ನಮಸ್ಕಾರ.

ನಿಮ್ಮ ‘ಸೀಸೆಯಲ್ಲಿ ಸಂಜೀವಿನಿ’ ಓದಿದೆ. ಸಸ್ಯದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಔಷಧ, ಬಣ್ಣ ತೆಗೆಯುವುದರ ಬಗ್ಗೆ ಆರು ಪುಟ ಬರೆದಿದ್ದೀರಿ. ಈಗಿರುವ ಹಾಗೆ ಪ್ರಕಟಿಸಲು ಆಗದು. ‘ವಿಷಾದವಿದೆ’ ಎಂದು ಎರಡು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ನಾಲ್ಕನೇ ಪುಟದಲ್ಲಿ ಒಂದು ವಾಕ್ಯ ಕಣ್ಣಿಗೆ ಬಿತ್ತು. ಈ ಉದ್ದನೆಯ ಪತ್ರ ಅದರ ಸಲುವಾಗಿ.

ಮೊದಲು ತಕರಾರು. ಚರಕ, ಸುಶ್ರುತರಿಂದ ಶುರುವಾಗುವ ಮೊದಲ ಪುಟ ಪೂರ್ತಿ ಹೋಗಲಿ. ಮೂಲಿಕೆಯ ಬಗ್ಗೆ ನಮಗೆ ಬರುವ ಲೇಖನಗಳಲ್ಲಿ ಬಹುಪಾಲು ಅಲ್ಲಿಂದಲೇ ಹೊರಡುತ್ತವೆ, ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಆಮೇಲಿನ ಇತಿಹಾಸಕ್ಕೂ ಒಂದು ವಾಕ್ಯ ಸಾಕು: ಬಿಡಿ ಕೋಶವನ್ನು ಬೆಳೆಸಬಹುದು ಎಂದು ಸಸ್ಯವಿಜ್ಞಾನಿ ಹಾಬರ್‌ಲಾಂಟ್ 1902ರಲ್ಲಿ ಹೇಳಿದರು, ಸ್ವತಃ ಬೆಳೆಸಿ ತೋರಿಸಲು ಅವರಿಗೆ ಆಗಲಿಲ್ಲ.

ಇನ್ನು ಎರಡು ಕಡೆ ವಿಷಯವೇ ತಪ್ಪಿದೆ. ಮಲೇರಿಯಾದ ಮದ್ದು ಆರ್ಟೆಮಿಸಿನಿನ್ ಅನ್ನು ಸಸ್ಯಕೋಶ ಕೃಷಿಯ ಸಾಧನೆ ಎಂದಿದ್ದೀರಿ. ನೀವು ಹೇಳುತ್ತಿರುವ ಆ ವಿಧಾನದಲ್ಲಿ ಕೆಲಸ ಮಾಡುವುದು ಯೀಸ್ಟ್. ಗಿಡದ ಜೀನ್‌ಗಳನ್ನು ಹೊತ್ತ ಯೀಸ್ಟ್ ಆರ್ಟೆಮಿಸಿನಿಕ್ ಆಮ್ಲ ಮಾಡಿಕೊಡುತ್ತದೆ, ಉಳಿದದ್ದು ರಸಾಯನಶಾಸ್ತ್ರದ ಪಾಲು. ಎರಡನೆಯ ತಪ್ಪು ದೊಡ್ಡದು. ‘ನಿತ್ಯಪುಷ್ಪದ ಕೋಶಗಳಿಂದ ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್ ಕಾರ್ಖಾನೆಗಳಲ್ಲಿ ತಯಾರಾಗುತ್ತಿದೆ’ ಎಂದು ಬರೆದಿದ್ದೀರಿ. ಇಲ್ಲ ಸ್ವಾಮಿ. ಅದಕ್ಕೆ ಇವತ್ತಿಗೂ ಹೊಲದಲ್ಲಿ ಬೆಳೆದ ಎಲೆಯೇ ಆಧಾರ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು.

ಲೇಖನದ ಜೀವ ಇರುವುದು ಇಲ್ಲೇ, ನೀವು ಹಾರಿಸಿಬಿಟ್ಟ ಜಾಗದಲ್ಲಿ. ಅಂಗಳದ ನಿತ್ಯಪುಷ್ಪದ ಎಲೆಯಲ್ಲಿ ವಿನ್‌ಬ್ಲಾಸ್ಟಿನ್ ಹುಟ್ಟಬೇಕಾದರೆ ಕ್ಯಾಥರಾಂಥಿನ್, ವಿಂಡೋಲಿನ್ ಎಂಬ ಎರಡು ತುಂಡುಗಳು ಕೂಡಬೇಕು. ಕೆಲಸ ಎಲೆಯ ನರದ ಪಕ್ಕದ ಕೋಶಗಳಲ್ಲಿ ಆರಂಭವಾಗಿ, ಮೇಲ್ಪದರದ ಕೋಶಗಳಿಗೆ ದಾಟಿ, ವಿಂಡೋಲಿನ್‌ನ ಕೊನೆಯ ಹಂತಗಳು ಹಾಲು ತುಂಬಿದ ಕೋಶಗಳಲ್ಲಿ ಮುಗಿಯುತ್ತವೆ. ಜೊತೆಗೆ ಬೆಳಕೂ ಬೇಕು. ಅದೇ ಎಲೆಯನ್ನು ಕತ್ತರಿಸಿ, ಹಾರ್ಮೋನು ಹಾಕಿ, ದ್ರವದಲ್ಲಿ ಕುಲುಕುತ್ತಾ ಬೆಳೆಸಿದರೆ ಈ ಕೆಲಸದ ಹಂಚಿಕೆಯೇ ಕಳೆದುಹೋಗುತ್ತದೆ. ಮೇಲ್ಪದರವೂ ಇಲ್ಲ, ಹಾಲುಕೋಶವೂ ಇಲ್ಲ, ಎಲ್ಲವೂ ಒಂದೇ ನಮೂನೆಯ ಮುದ್ದೆ. ಕ್ಯಾಥರಾಂಥಿನ್ ಬರುತ್ತದೆ, ಅದೇ ಗಿಡದ ಇನ್ನೊಂದು ವಸ್ತು ಅಜ್ಮಾಲಿಸಿನ್ ಬರುತ್ತದೆ, ವಿಂಡೋಲಿನ್ ಮಾತ್ರ ಬರುವುದಿಲ್ಲ. ದಶಕಗಳಿಂದ ಜಗತ್ತಿನ ಲ್ಯಾಬುಗಳು ಈ ಗೋಡೆಗೆ ತಲೆ ಚಚ್ಚಿಕೊಂಡಿವೆ. 2022ರಲ್ಲಿ ಎರಡೂ ತುಂಡುಗಳನ್ನು ಯೀಸ್ಟ್‌ನಲ್ಲಿ ಮಾಡಿಸಿ ಜೋಡಿಸಿದ್ದು ವರದಿಯಾಯಿತು. ನೋಡಿ, ಅಲ್ಲೂ ಗಿಡದ ಕೋಶ ಪಕ್ಕಕ್ಕೆ ಸರಿದಿತ್ತು.

ಇದರ ಎದುರಿಗೆ ಜಪಾನಿನ ಶಿಕೋನಿನ್ ಇಡಿ. ಮುರಾಸಾಕಿ ಗಿಡದ ಬೇರಿನ ಕೆನ್ನೇರಳೆ ಬಣ್ಣ ಅದು. 1983ರಲ್ಲಿ ಮಿತ್ಸುಯಿ ಪೆಟ್ರೋಕೆಮಿಕಲ್ ಅದನ್ನು ಕೋಶಗಳಿಂದಲೇ ತೆಗೆದು ಮಾರುಕಟ್ಟೆಗೆ ತಂದಿತು, ಕನೆಬೊ ಕಂಪನಿಯ ಲಿಪ್‌ಸ್ಟಿಕ್‌ಗೂ ಸೇರಿತು. ನೀವು ಇಷ್ಟು ಬರೆದು ‘ಕ್ರಾಂತಿ’ ಎಂದು ಮುಂದೆ ಹೋಗಿದ್ದೀರಿ. ಕ್ರಾಂತಿ ಹೇಗಾಯಿತು ಎನ್ನುವುದನ್ನಲ್ಲವೇ ಓದುಗ ಕೇಳುವುದು? ಅವರು ಎರಡು ಬಗೆಯ ದ್ರವ ಮಾಡಿಕೊಂಡರು. ಮೊದಲನೆಯದರಲ್ಲಿ ಕೋಶ ಹೊಟ್ಟೆ ತುಂಬ ಉಂಡು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಬಣ್ಣದ ಸುಳಿವಿಲ್ಲ. ಎರಡನೆಯದರಲ್ಲಿ ಅಮೋನಿಯಂ ತೆಗೆದರು, ತಾಮ್ರ ಹೆಚ್ಚಿಸಿದರು. ಕೋಶಗಳು ಕೆಂಪಾಗತೊಡಗಿದವು. ಕಾಡಿನ ಬೇರಿನಲ್ಲಿ ವರ್ಷಗಟ್ಟಲೆ ಕಾದರೆ ಶೇ 1-2ರಷ್ಟು ಸಿಗುತ್ತಿದ್ದ ಬಣ್ಣ, ಇಲ್ಲಿ ಕೆಲವೇ ವಾರಗಳಲ್ಲಿ ಒಣತೂಕದ ಶೇ 10ನ್ನೂ ಮೀರಿತು.

ಯಾಕೆ ಹೀಗೆ ಎರಡು ಹಂತ ಎಂದು ವಿವರಿಸಿ. ಗಿಡಕ್ಕೆ ಈ ವಸ್ತುಗಳೆಲ್ಲ ಬಹುಮಟ್ಟಿಗೆ ಕಾವಲಿನ ವಿಷಗಳು. ಸಕ್ಕರೆ, ಲವಣ, ಹಾರ್ಮೋನು ಎಲ್ಲ ಪುಕ್ಕಟೆ ಸಿಗುತ್ತಿರುವಾಗ, ಹುಳುವಿನ ಭಯವೂ ಇಲ್ಲದಿರುವಾಗ, ಕೋಶ ವಿಷ ಕಾಯಿಸುವ ಗೋಜಿಗೆ ಯಾಕೆ ಹೋದೀತು? ಅದಕ್ಕೇ ಅದನ್ನು ಬೆದರಿಸಬೇಕಾಗುತ್ತದೆ. ಕ್ಯಾನ್ಸರ್ ಮದ್ದು ಪ್ಯಾಕ್ಲಿಟ್ಯಾಕ್ಸೆಲ್‌ನ ಕತೆಗೆ ನೀವು ಎರಡು ಪುಟ ಕೊಟ್ಟಿದ್ದೀರಿ. ಅದು ಸಿಗುವ ಯೂ ಮರದ ತೊಗಟೆ ಸುಲಿದರೆ ಮರ ಸಾಯುತ್ತದೆ, ತೊಗಟೆಯಲ್ಲಿ ಮದ್ದು ಶೇ 0.01ರ ಆಸುಪಾಸು, ಈಗ ಜರ್ಮನಿಯಲ್ಲಿ 75,000 ಲೀಟರಿನವರೆಗಿನ ತೊಟ್ಟಿಗಳು. ಎಲ್ಲ ಸರಿ. ಆದರೆ ಮೀಥೈಲ್ ಜಾಸ್ಮೋನೇಟ್ ಬಿಟ್ಟುಹೋಗಿದೆಯಲ್ಲ! ಹುಳು ಕಡಿದಾಗ ಗಿಡ ತನ್ನೊಳಗೇ ಹರಡುವ ಅಪಾಯದ ಸಂಕೇತಗಳ ಬಳಗದ್ದು ಅದು. ಅದನ್ನು ಹಾಕಿದರೆ ಯೂ ಕೋಶಗಳು ಹೆಚ್ಚು ಮದ್ದು ಮಾಡುತ್ತವೆ ಎಂದು ಜಪಾನಿನ ಸಂಶೋಧಕರು 1996ರಲ್ಲಿ ತೋರಿಸಿದರು. ಅದು ಮೊದಲು ಸಿಕ್ಕಿದ್ದು ನಮ್ಮ ಜಾಜಿ ಹೂವಿನ ಎಣ್ಣೆಯಲ್ಲಿ. ಇಂಥ ವಿವರ ಬಿಟ್ಟು ‘ಮನುಕುಲಕ್ಕೆ ವರದಾನ’ ಎಂದು ಮೂರು ಸಲ ಬರೆಯುವುದು ಜಾಗದ ದುಂದು.

ಈಗ ಆ ನಾಲ್ಕನೇ ಪುಟ: ‘ಕೆಲವೊಮ್ಮೆ ಕ್ಯಾಲಸ್ ಕಂದಾಗಿ, ಸುತ್ತಲಿನ ಅಗರ್ ಕೂಡ ಚಹಾ ಡಿಕಾಕ್ಷನ್‌ನಂತಾಗುತ್ತದೆ.’ ಕ್ಯಾಲಸ್ ಎಂದರೆ ಕತ್ತರಿಸಿದ ತುಂಡಿನಿಂದ ಬೆಳೆಯುವ ಕೋಶಗಳ ಮುದ್ದೆ, ಅಗರ್ ಎಂದರೆ ಅದನ್ನು ಬೆಳೆಸುವ ಜೆಲ್ಲಿ ಎಂದು ಓದುಗರಿಗೆ ಹೇಳಿ. ಆರು ಪುಟಗಳಲ್ಲಿ ಕಣ್ಣಾರೆ ನೋಡಿ ಬರೆದ ವಾಕ್ಯ ಇದೊಂದೇ. ಎಂಎಸ್ಸಿಯಲ್ಲಿ ಇದೇ ಪ್ರಾಜೆಕ್ಟ್ ಮಾಡಿದೆ ಎಂದು ಪತ್ರದಲ್ಲಿ ಹೇಳಿದ್ದೀರಿ, ಲೇಖನದಲ್ಲಿ ನೀವೇ ಇಲ್ಲ. ಕತ್ತರಿಸಿದ ಗಾಯದಿಂದ ಗಿಡದ ರಾಸಾಯನಿಕಗಳಾದ ಫೀನಾಲ್‌ಗಳು ಸೋರಿ, ಗಾಳಿ ತಾಗಿ ಕಪ್ಪಾಗುವುದು, ಇದ್ದಿಲಪುಡಿ ಬೆರೆಸಿ ನೋಡುವುದು, ಮತ್ತೆ ಮತ್ತೆ ಹೊಸ ಅಗರ್‌ಗೆ ಬದಲಿಸುವುದು ಬರೆಯಿರಿ. ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷದಲ್ಲಿ ಇಮ್ಮಡಿಯಾದರೆ ಸಸ್ಯಕೋಶಕ್ಕೆ ಒಂದೆರಡು ದಿನವಾದರೂ ಬೇಕು. ಹಾಗಾಗಿ ಒಂದು ಕೊಳಕು ಬೆರಳು ತಿಂಗಳ ಶ್ರಮವನ್ನು ರಾತ್ರೋರಾತ್ರಿ ನುಂಗುತ್ತದೆ. ಅದನ್ನು ಅನುಭವಿಸಿದವರು ಬರೆದರೆ ಬೇರೆಯೇ ಆಗುತ್ತದೆ.

ಮೈಸೂರಿನಲ್ಲಿದ್ದೂ ಅಲ್ಲಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬಗ್ಗೆ ಒಂದು ಸಾಲಿಲ್ಲದ್ದು ಆಶ್ಚರ್ಯ. ಮೆಣಸಿನಕಾಯಿಯ ಕೋಶಗಳನ್ನು ಆಲ್ಜಿನೇಟ್ ಎಂಬ ಜೆಲ್ಲಿಯ ಮಣಿಗಳಲ್ಲಿ ಹಿಡಿದಿಟ್ಟು ಖಾರದ ಕ್ಯಾಪ್ಸೈಸಿನ್ ತೆಗೆಯುವ ಪ್ರಯೋಗಗಳು ಅಲ್ಲಿ ನಡೆದಿವೆ. ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ. ಯಾವ ಅಂಗಾಂಶ ತೆಗೆದುಕೊಳ್ಳುತ್ತೇವೆ ಎನ್ನುವುದು ಯಾಕೆ ಮುಖ್ಯ ಎಂದು ತಿಳಿಸಲು ಅಡುಗೆಮನೆಯ ಉದಾಹರಣೆಯೇ ಇದೆ, ಬಳಸಿಕೊಳ್ಳಿ.

ನಿತ್ಯಪುಷ್ಪವನ್ನು ನಡುವೆ ಇಟ್ಟು, ಶಿಕೋನಿನ್ ಮತ್ತು ಯೂ ಮರವನ್ನು ಪಕ್ಕಕ್ಕಿಟ್ಟು, ಸಾವಿರದ ಇನ್ನೂರು ಪದದೊಳಗೆ ಮತ್ತೆ ಬರೆದು ಕಳಿಸಿ. ಕಳಿಸುವ ಮೊದಲು ನಿಮ್ಮ ಗೈಡ್ ಒಮ್ಮೆ ಓದಲಿ. ಇಂಟರ್‌ನೆಟ್ಟಿನಿಂದ ಇಳಿಸಿದ ಹಸಿರು ಪರೀಕ್ಷಾನಾಳದ ಚಿತ್ರ ಬೇಡ, ಕಂದಾದ ಆ ಕ್ಯಾಲಸ್‌ನ ಫೋಟೋ ಮೊಬೈಲಿನಲ್ಲಿ ಉಳಿದಿದ್ದರೆ ಅದನ್ನೇ ಲಗತ್ತಿಸಿ.

ಸಂಪಾದಕ