ಸಾಂಟಾ ಕ್ಲಾರಾ ಕೌಂಟಿಯಲ್ಲಿ ಬಡವರು ಇದ್ದಾರಾ? ಇದ್ದಾರೆ, ತುಂಬಾ ಜನ ಇದ್ದಾರೆ

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಒಂದು ಮನೆಯ ಆದಾಯ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಅಂತೆ, ಹಾಗಾದರೆ ಅಲ್ಲಿ ಬಡವರೇ ಇಲ್ವಾ ಅನ್ನೋದು ಒಂದು. ಅದೇ ಕೌಂಟಿಯ ಸ್ಯಾನ್ ಹೊಸೆಯಲ್ಲಿ ವರ್ಷಕ್ಕೆ 1,30,000 ಡಾಲರ್ ಸಂಬಳದ ಕೆಲಸ ಸಿಕ್ಕಿದೆ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಬರಬಹುದಾ ಅನ್ನೋದು ಇನ್ನೊಂದು. ನಾನು 17 ವರ್ಷದಿಂದ ಇದೇ ಕೌಂಟಿಯ ಸನ್ನಿವೇಲ್‌ನಲ್ಲಿ ಇದ್ದೇನೆ. ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎರಡನೆಯದರ ಉತ್ತರವೂ ಅದರಲ್ಲೇ ಇದೆ.

ತಿಂಗಳಿಗೆ ಎರಡು ಶನಿವಾರ ನಾನು ಒಂದು ಚರ್ಚಿನ ಪಾರ್ಕಿಂಗ್ ಜಾಗಕ್ಕೆ ಹೋಗುತ್ತೇನೆ. ಅಲ್ಲಿ ಉಚಿತವಾಗಿ ದಿನಸಿ ಹಂಚುತ್ತಾರೆ. ಒಂಬತ್ತಕ್ಕೆ ಶುರು. ಏಳೂವರೆಗೇ ಕಾರುಗಳ ಸಾಲು ಮುಂದಿನ ತಿರುವು ದಾಟಿರುತ್ತದೆ. ಯಾರೂ ಇಳಿಯುವುದಿಲ್ಲ. ಡಿಕ್ಕಿ ತೆರೆಯುತ್ತಾರೆ, ನಾವು ಇಟ್ಟು ಮುಚ್ಚುತ್ತೇವೆ. ಒಂದು ಡಜನ್ ಮೊಟ್ಟೆ, ಹಾಲು, ಅಕ್ಕಿ, ಕ್ಯಾರೆಟ್, ಈರುಳ್ಳಿ, ಒಂದು ಕೋಳಿ. ಡಿಕ್ಕಿ ನೋಡಿದರೆ ಜನರ ಕೆಲಸ ಗೊತ್ತಾಗಿಬಿಡುತ್ತದೆ. ಕೆಲವರ ಡಿಕ್ಕಿಯಲ್ಲಿ ನೆಲ ಒರೆಸುವ ಕೋಲು, ಬಕೆಟ್ಟು. ಕೆಲವರದ್ದರಲ್ಲಿ ಹುಲ್ಲು ಕತ್ತರಿಸುವ ಯಂತ್ರ. ಹೋದ ಚಳಿಗಾಲದಲ್ಲಿ ಒಬ್ಬರ ಡಿಕ್ಕಿಯಲ್ಲಿ ಸಾಮಾನು ಇಡೋಕೆ ಜಾಗವೇ ಇರಲಿಲ್ಲ. ಮಡಚಿಟ್ಟ ಕಂಬಳಿ, ದಿಂಬು, ಮಕ್ಕಳ ಎರಡು ಸ್ಕೂಲ್ ಬ್ಯಾಗು, ಒಂದು ರೈಸ್ ಕುಕ್ಕರ್. ಆಕೆ ಅಕ್ಕಿ ಬೇಡ, ಕೋಳಿನೂ ಬೇಡ, ಬಾಳೆಹಣ್ಣು ಬ್ರೆಡ್ಡು ಇದ್ದರೆ ಕೊಡಿ ಅಂದರು. ಕುಕ್ಕರ್ ಇದೆಯಲ್ಲ ಅಂತ ನಾನು ಕೇಳಿಬಿಟ್ಟೆ. ಪ್ಲಗ್ ಹಾಕೋಕೆ ಜಾಗ ಇಲ್ಲ ಅಂದರು. ಅವರ ಕೊರಳಲ್ಲಿ ಕೆಲಸದ ಬ್ಯಾಡ್ಜ್ ನೇತಾಡುತ್ತಿತ್ತು. ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ. ದಿನವಿಡೀ ಬೇರೆಯವರಿಗೆ ಬೇಯಿಸಿ ಹಾಕುವ ಹೆಂಗಸಿಗೆ ತನ್ನ ಮಕ್ಕಳಿಗೆ ಒಂದು ಹಿಡಿ ಅನ್ನ ಮಾಡೋಕೆ ಪ್ಲಗ್ ಇರುವ ಒಂದು ಗೋಡೆ ಇಲ್ಲ. ಅವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಈ ಕೌಂಟಿಯಲ್ಲಿ 15 ಊರುಗಳು ಅಂದರೆ ನಗರಗಳು ಇವೆ, 2020ರ ಜನಗಣತಿಯಲ್ಲಿ 19 ಲಕ್ಷ ಚಿಲ್ಲರೆ ಜನ. ನೀವು ಓದಿದ ಅಂಕಿ ಸರಿಯೇ. 2018ರಿಂದ 2022ರ ಸಮೀಕ್ಷೆ ಪ್ರಕಾರ ಇಲ್ಲಿನ ಮನೆಯ ಆದಾಯ ಸುಮಾರು 1,53,000 ಡಾಲರ್. ಇಡೀ ಅಮೆರಿಕದ್ದು ಸುಮಾರು 75,000. ಆದರೆ ಇದು ಸರಾಸರಿ ಅಲ್ಲ. ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ಆದಾಯ. ಅಂದರೆ ಅರ್ಧ ಮನೆಗಳು ಅದಕ್ಕಿಂತ ಕೆಳಗೇ ಇವೆ. ಎಷ್ಟು ಕೆಳಗೆ ಅಂತ ಆ ಒಂದು ಅಂಕಿ ಹೇಳುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ. ಒಂದು ಸೂರಿನಡಿ ಇರುವ ಎಲ್ಲರ ದುಡಿಮೆಯನ್ನೂ ಸೇರಿಸಿ "ಮನೆಯ ಆದಾಯ" ಅಂತ ಬರೆಯುತ್ತಾರೆ, ಅವರು ಸಂಬಂಧಿಕರಾಗಿರಲಿ ಬಿಡಲಿ. ಸ್ಯಾನ್ ಹೊಸೆಯಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 17.95 ಡಾಲರ್. ವಾರಕ್ಕೆ 40 ಗಂಟೆ, ವರ್ಷಪೂರ್ತಿ ಒಂದು ದಿನವೂ ತಪ್ಪಿಸದೆ ದುಡಿದರೆ 37,336 ಡಾಲರ್. ಮೂವರು ಅಡುಗೆಯವರು ಬಾಡಿಗೆ ಭರಿಸಲಾರದೆ ಒಂದೇ ಮನೆಯಲ್ಲಿ ಸೇರಿಕೊಂಡರೆ ಕಾಗದದ ಮೇಲೆ ಅದು 1,12,000 ಡಾಲರ್ ಆದಾಯದ ಮನೆ! ಹಾಲ್‌ನಲ್ಲಿ ಪರದೆ ಕಟ್ಟಿಕೊಂಡು ಮಲಗುವುದು ಆ ಅಂಕಿಯಲ್ಲಿ ಕಾಣಲ್ಲ. ಬೀದಿಯಲ್ಲಿ ಮಲಗುವವರಂತೂ ಮನೆ ಆದಾಯದ ಲೆಕ್ಕಕ್ಕೇ ಬರುವುದಿಲ್ಲ. 2023ರ ಜನವರಿಯಲ್ಲಿ ಎಣಿಸಿದಾಗ ಈ ಕೌಂಟಿಯಲ್ಲಿ ಮನೆ ಇಲ್ಲದವರು 9,903 ಜನ ಇದ್ದರು. ಪಾಲೊ ಆಲ್ಟೊದಿಂದ ಸ್ಯಾನ್ ಹೊಸೆಗೆ ಹೋಗುವ 22ನೇ ನಂಬರ್ ಬಸ್ಸು ವರ್ಷಗಟ್ಟಲೆ ಇಡೀ ರಾತ್ರಿ ಓಡುತ್ತಿತ್ತು. ಟಿಕೆಟ್ ತೆಗೆದುಕೊಂಡು ಅದರಲ್ಲೇ ನಿದ್ದೆ ಮಾಡುವವರು ಎಷ್ಟು ಜನ ಇದ್ದರೆಂದರೆ ಅದಕ್ಕೆ "ಹೋಟೆಲ್ 22" ಅಂತಲೇ ಹೆಸರು ಬಿತ್ತು.

ಹಾಗಾದರೆ ಸರ್ಕಾರದ ಪ್ರಕಾರ ಬಡವರೆಷ್ಟು? ನೂರಕ್ಕೆ ಸುಮಾರು 7 ಜನ. ಅಮೆರಿಕದ ಉಳಿದ ಕಡೆಗೆ ಹೋಲಿಸಿದರೆ ಕಡಿಮೆ. ಇಲ್ಲೇ ಇರೋದು ದೊಡ್ಡ ತೊಡಕು. ಈ ಬಡತನದ ರೇಖೆ 1963-64ರಲ್ಲಿ ಮೋಲಿ ಒರ್ಶಾನ್‌ಸ್ಕಿ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞೆ ಮಾಡಿದ ಲೆಕ್ಕದಿಂದ ಬಂದದ್ದು. ಆಗ ಕುಟುಂಬಗಳು ಆದಾಯದ ಮೂರನೇ ಒಂದು ಭಾಗವನ್ನು ಊಟಕ್ಕೆ ಖರ್ಚು ಮಾಡುತ್ತಿದ್ದವು. ಹಾಗಾಗಿ ಅತಿ ಅಗ್ಗದ ಊಟದ ಖರ್ಚನ್ನು ಮೂರರಿಂದ ಗುಣಿಸಿದರು. ಆ ಕಾಲಕ್ಕೆ ಅದು ಒಳ್ಳೆಯ ಕೆಲಸವೇ. ಆದರೆ ಇವತ್ತಿಗೂ ಬೆಲೆ ಏರಿದಷ್ಟು ಅದನ್ನೇ ಏರಿಸಿಕೊಂಡು ಬಂದಿದ್ದಾರೆ. ಸರ್ಕಾರದ ಸವಲತ್ತಿಗೆ ಬಳಸುವ ರೇಖೆ 2025ರಲ್ಲಿ ನಾಲ್ಕು ಜನರ ಕುಟುಂಬಕ್ಕೆ 32,150 ಡಾಲರ್. 48 ರಾಜ್ಯಗಳಿಗೂ ಒಂದೇ. ಮಿಸಿಸಿಪ್ಪಿಯ ಹಳ್ಳಿಗೂ ಅದೇ, ಸ್ಯಾನ್ ಹೊಸೆಗೂ ಅದೇ.

ಈಗ ಆ 37,336 ಡಾಲರ್ ದುಡಿಯುವ ಒಬ್ಬರ ಮನೆಯಲ್ಲಿ ಅವರೂ ಸೇರಿ ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ಅವರು ಈ ರೇಖೆಯಿಂದ ಮೇಲೆ. ಬಡವರಲ್ಲ. ಇಲ್ಲಿ ಎರಡು ಬೆಡ್‌ರೂಮ್ ಮನೆ ತಿಂಗಳಿಗೆ 3,000 ಡಾಲರ್‌ಗೆ ಸಿಕ್ಕರೆ ಪುಣ್ಯ. ವರ್ಷಕ್ಕೆ 36,000. ತೆರಿಗೆ ಕಟ್ಟುವುದಕ್ಕೂ ಮೊದಲೇ ಉಳಿದದ್ದು 1,336 ಡಾಲರ್. ವರ್ಷಕ್ಕೆ! ಅದರಲ್ಲಿ ಊಟ, ಬಟ್ಟೆ, ಪೆಟ್ರೋಲು, ಮಗುವಿನ ಜ್ವರದ ಔಷಧಿ. ಅದಕ್ಕೇ ನಮ್ಮ ಶನಿವಾರದ ಸಾಲು ಅಷ್ಟುದ್ದ. ಸೆಕೆಂಡ್ ಹಾರ್ವೆಸ್ಟ್ ಅನ್ನುವ ಇಲ್ಲಿನ ಆಹಾರ ಸಂಸ್ಥೆ ಈ ಕೌಂಟಿ ಮತ್ತು ಪಕ್ಕದ ಸ್ಯಾನ್ ಮಟೇಯೊ ಸೇರಿ ತಿಂಗಳಿಗೆ ಸುಮಾರು 5 ಲಕ್ಷ ಜನಕ್ಕೆ ದಿನಸಿ ಮುಟ್ಟಿಸುತ್ತದೆ. ಎರಡೂ ಕೌಂಟಿಯ "ಅಧಿಕೃತ" ಬಡವರನ್ನು ಕೂಡಿಸಿದರೆ 2 ಲಕ್ಷವೂ ಆಗಲ್ಲ. ಈ ಎರಡು ಅಂಕಿಗಳ ನಡುವೆ ಇರುವವರೇ ನಮ್ಮ ಆಫೀಸು ಗುಡಿಸುವವರು, ನಮ್ಮ ಮಕ್ಕಳನ್ನು ಡೇಕೇರಿನಲ್ಲಿ ನೋಡಿಕೊಳ್ಳುವವರು, ನಮ್ಮ ವಯಸ್ಸಾದವರಿಗೆ ಸ್ನಾನ ಮಾಡಿಸುವವರು.

ಕೆಲಸಗಳು ಹೀಗೆ ಎರಡು ಹೋಳಾಗಿದ್ದು ಹೇಗೆ? ಮೊದಲು ಇದು ಹಣ್ಣಿನ ತೋಟಗಳ ಕಣಿವೆ. ಏಪ್ರಿಕಾಟ್, ಪ್ರೂನ್, ಚೆರ್ರಿ, ಜೊತೆಗೆ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳು. ನಮ್ಮ ಸನ್ನಿವೇಲ್‌ನ ಕಮ್ಯುನಿಟಿ ಸೆಂಟರ್ ಪಕ್ಕ ನಗರಸಭೆ 10 ಎಕರೆ ಏಪ್ರಿಕಾಟ್ ತೋಟ ಉಳಿಸಿಕೊಂಡಿದೆ, ಬಂದಾಗ ನೋಡಿ. ಆಮೇಲೆ ಕಂಪ್ಯೂಟರ್ ಚಿಪ್ ಕಂಪನಿಗಳು ಬಂದವು. ಆಗ ಚಿಪ್ ಇಲ್ಲೇ ತಯಾರಾಗುತ್ತಿತ್ತು, ಜೋಡಣೆ ಕೆಲಸಕ್ಕೆ ಮೆಕ್ಸಿಕೊ, ಫಿಲಿಪೀನ್ಸ್, ವಿಯೆಟ್ನಾಂನಿಂದ ಬಂದ ಸಾವಿರಾರು ಹೆಂಗಸರು ಇದ್ದರು. ಮಿಲ್ಪಿಟಾಸ್‌ನಲ್ಲಿ ಫೋರ್ಡ್ ಕಾರಿನ ಕಾರ್ಖಾನೆ ಇತ್ತು. 1983ರಲ್ಲಿ ಮುಚ್ಚಿತು. ಊರಿಂದ ಯಾರೇ ಬಂದರೂ ನಾವು ಬಟ್ಟೆಬರೆ ಕೊಳ್ಳೋಕೆ ಕರೆದುಕೊಂಡು ಹೋಗುವ ಗ್ರೇಟ್ ಮಾಲ್ ಇದೆಯಲ್ಲ, ಅದೇ ಕಟ್ಟಡ. ಅಲ್ಲಿ ಕಾರು ಜೋಡಿಸುತ್ತಿದ್ದವನ ಸಂಬಳದಲ್ಲಿ ಒಂದು ಮನೆ ನಡೆಯುತ್ತಿತ್ತು. ಅದೇ ಜಾಗದಲ್ಲಿ ಈಗ ಅಂಗಿ ಮಡಚಿಡುವವಳಿಗೆ ಕನಿಷ್ಠ ಕೂಲಿ. ತಯಾರಿಕೆ ಏಷ್ಯಾಕ್ಕೆ ಹೋಯಿತು, ಮಧ್ಯದ ಮೆಟ್ಟಿಲು ಅದರ ಜೊತೆಗೇ ಹೋಯಿತು. ಮೇಲೆ ಎಂಜಿನಿಯರುಗಳು, ಕೆಳಗೆ ಅವರಿಗೆ ಬೇಕಾದ ಸೇವೆ ಮಾಡುವವರು. ಕಾವಲು, ಅಡುಗೆ, ಸ್ವಚ್ಛತೆ ಎಲ್ಲ ಹೊರಗುತ್ತಿಗೆ. ನಮ್ಮ ಕಡೆ ಸರ್ಕಾರಿ ಆಸ್ಪತ್ರೆ, ಕಚೇರಿಗಳಲ್ಲಿ ಹೇಗೋ ಹಾಗೆಯೇ. ಒಂದೇ ಕಟ್ಟಡ, ಬೇರೆ ಬೇರೆ ಬ್ಯಾಡ್ಜ್.

ಕೆಲಸ ಹೆಚ್ಚಿದಷ್ಟು ಮನೆ ಕಟ್ಟಲಿಲ್ಲ. 1978ರ ಪ್ರೊಪೊಸಿಷನ್ 13 ಅನ್ನುವ ಕಾನೂನು ಹಳೆಯ ಮನೆ ಮಾಲೀಕರ ಆಸ್ತಿ ತೆರಿಗೆ ಜಾಸ್ತಿ ಏರದಂತೆ ಕಟ್ಟಿಹಾಕಿತು, ಹಾಗಾಗಿ ಅವರು ಮನೆ ಮಾರಿ ಕದಲುವುದಿಲ್ಲ. ಹೆಚ್ಚಿನ ಜಾಗದಲ್ಲಿ ಒಂಟಿ ಮನೆ ಬಿಟ್ಟು ಬೇರೆ ಕಟ್ಟೋಕೆ ಬಹಳ ವರ್ಷ ಬಿಡಲೇ ಇಲ್ಲ. ಬಾಡಿಗೆ ಭರಿಸಲಾರದವರು ಕೌಂಟಿಯ ಆಚೆಗಿನ ಟ್ರೇಸಿ, ಮ್ಯಾಂಟೀಕಾ, ಲಾಸ್ ಬ್ಯಾನೋಸ್ ಕಡೆ ಹೋಗಿ ಬೆಳಗಿನ ಜಾವ ಎದ್ದು ಕೆಲಸಕ್ಕೆ ಬರುತ್ತಾರೆ. ಅವರು ಹೋದಂತೆಲ್ಲ ಈ ಕೌಂಟಿಯ ಆದಾಯದ ಅಂಕಿ ಇನ್ನೂ ಮೇಲೇರುತ್ತದೆ. ಇದು ನನ್ನನ್ನು ತುಂಬಾ ಕಾಡುವ ವಿಷಯ. ಬಡವರನ್ನು ಆಚೆ ತಳ್ಳಿದರೂ ಕಾಗದದಲ್ಲಿ ಬಡತನ ಕಡಿಮೆಯಾದ ಹಾಗೇ ಕಾಣುತ್ತದೆ ಅಲ್ವಾ?

ಮೇಲಿನ ಮೆಟ್ಟಿಲಲ್ಲಿ ನಿಂತವರಿಗೂ ಕಾಲ ಕೆಳಗಿನ ನೆಲ ಗಟ್ಟಿ ಇಲ್ಲ. 2001ರ ಡಾಟ್‌ಕಾಮ್ (ಇಂಟರ್ನೆಟ್ ಕಂಪನಿಗಳ) ಕುಸಿತದ ನಂತರದ ಕೆಲವೇ ವರ್ಷಗಳಲ್ಲಿ ಇಲ್ಲಿ ಹತ್ತಿರಹತ್ತಿರ 2 ಲಕ್ಷ ಕೆಲಸ ಹೋದವು. 2023ರ ಜನವರಿಯಲ್ಲಿ ನಮ್ಮ ಯಜಮಾನರ ಕೆಲಸವೂ ಹೋಯಿತು. ಬೆಳಿಗ್ಗೆ ಐದಕ್ಕೆ ಒಂದು ಇಮೇಲ್, ಏಳಕ್ಕೆ ಲ್ಯಾಪ್‌ಟಾಪ್ ತೆರೆಯಲಿಲ್ಲ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇದ್ದವರಿಗೆ ಬೇರೆ ಕೆಲಸ ಹುಡುಕೋಕೆ ಇರೋದು ಹೆಚ್ಚೆಂದರೆ 60 ದಿನ. ಅವರಿಗೆ 47ನೇ ದಿನ ಸಿಕ್ಕಿತು. ಆ 47 ದಿನ ನಾನು ಒಂದೊಂದು ಡಾಲರ್ ಎಣಿಸಿದ್ದೇನೆ. ಆಮೇಲೇ ನಾನು ಶನಿವಾರದ ಕೆಲಸಕ್ಕೆ ಸೇರಿದ್ದು.

ಈಗ ನಿಮ್ಮ ವಿಷಯ. ಕಡಿಮೆ ಬಾಡಿಗೆಯ ಮನೆ ಹಂಚುವಾಗ ಇಲ್ಲಿ ಬೇರೆ ಪಟ್ಟಿ ಬಳಸುತ್ತಾರೆ, ಅದು ಈ ಕೌಂಟಿಯ ಆದಾಯ, ಬಾಡಿಗೆ ನೋಡಿ ಮಾಡಿದ್ದು. 2024ರಲ್ಲಿ ಅದರ ಪ್ರಕಾರ ನಾಲ್ಕು ಜನರ ಕುಟುಂಬಕ್ಕೆ 1,46,100 ಡಾಲರ್‌ವರೆಗೆ "ಕಡಿಮೆ ಆದಾಯ". ನಿಮ್ಮ 1,30,000 ಅದರೊಳಗೇ ಬರುತ್ತದೆ. ಹೆದರಬೇಡಿ, ಹಸಿವಿನಲ್ಲಿ ಇರಲ್ಲ. ತೆರಿಗೆ, ಆರೋಗ್ಯ ವಿಮೆ ಕಳೆದು ತಿಂಗಳಿಗೆ ಸುಮಾರು 8,000 ಕೈಗೆ ಬರಬಹುದು. ಬಾಡಿಗೆಗೆ 3,300 ಇಡಿ. ಚಿಕ್ಕ ಮಗು ಡೇಕೇರಿಗೆ ಹೋದರೆ 2,000 ದಾಟುತ್ತದೆ. ಒಂದು ಕಾರು, ಅದರ ವಿಮೆ. ಮನೆ ನಡೆಯುತ್ತದೆ, ಊರಿಗೆ ಕಳಿಸೋಕೆ ಜಾಸ್ತಿ ಉಳಿಯಲ್ಲ.

ನಿಮ್ಮ ಹೆಂಡತಿಯ ವೀಸಾ ಎಚ್-4 (ಎಚ್-1ಬಿಯವರ ಹೆಂಡತಿ/ಗಂಡ, ಮಕ್ಕಳಿಗೆ ಕೊಡುವುದು) ಆದರೆ ಬಂದ ತಕ್ಷಣ ಅವರು ಕೆಲಸ ಮಾಡುವ ಹಾಗಿಲ್ಲ, ನಿಮ್ಮ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಬೇಕು. ಅದನ್ನು ಯಾವಾಗ ಶುರು ಮಾಡುತ್ತೀರಿ ಅಂತ ಸಹಿ ಹಾಕುವ ಮೊದಲೇ ಕಂಪನಿಯವರನ್ನು ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕುಟುಂಬದ ವಿಮೆಗೆ ತಿಂಗಳಿಗೆ ಎಷ್ಟು ಹಿಡಿಯುತ್ತಾರೆ ಅಂತಲೂ ಕೇಳಿ. ಮೂರು ತಿಂಗಳ ಖರ್ಚಿನಷ್ಟು ದುಡ್ಡು ಮುಟ್ಟದೆ ಇಟ್ಟುಕೊಂಡೇ ವಿಮಾನ ಹತ್ತಿ. ಮಕ್ಕಳ ವಯಸ್ಸು ಎಷ್ಟು, ಆಫೀಸು ಸ್ಯಾನ್ ಹೊಸೆಯ ಯಾವ ಭಾಗದಲ್ಲಿ ಅಂತ ಬರೆಯಿರಿ. ಯಾವ ಬಡಾವಣೆಯಲ್ಲಿ ಮನೆ ನೋಡಬಹುದು ಅಂತ ಹೇಳುತ್ತೇನೆ.